ಗೆಲ್ಲುವ ಕುದುರೆಯಲ್ಲ, ಆದರೂ ಕಣ ಬಿಡಲಿಲ್ಲ: 1972ರ ಅಮೆರಿಕ ಪ್ರೈಮರಿಯಲ್ಲಿ ಶೆರ್ಲಿ ಚಿಸಂ

ಅಮೆರಿಕದಲ್ಲಿ ಅಧ್ಯಕ್ಷ ಹುದ್ದೆಯ ಟಿಕೆಟ್ ಕೊಡುವುದು ಹೈಕಮಾಂಡ್ ಅಲ್ಲ. ರಾಜ್ಯ ರಾಜ್ಯಗಳಲ್ಲಿ ನಡೆಯುವ ಪ್ರೈಮರಿ ಚುನಾವಣೆಗಳಲ್ಲಿ ಅಭ್ಯರ್ಥಿಗಳು ಪಕ್ಷದ ಪ್ರತಿನಿಧಿಗಳನ್ನು ಗೆದ್ದುಕೊಳ್ಳಬೇಕು. ಸಮಾವೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರತಿನಿಧಿಗಳು ಯಾರ ಪರವೋ ಅವರಿಗೇ ಟಿಕೆಟ್. 1972ರಲ್ಲಿ ಡೆಮಾಕ್ರಟಿಕ್ ಪಕ್ಷದ ಈ ಪೈಪೋಟಿಗೆ ಧುಮುಕಿದ ಶೆರ್ಲಿ ಚಿಸಂ ಗೆಲ್ಲುತ್ತಾರೆ ಎಂದು ಯಾರೂ ನಂಬಿರಲಿಲ್ಲ. ಟಿಕೆಟ್ ಸಿಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಹಾಗಾದರೆ ಸ್ಪರ್ಧಿಸಿದ್ದೇಕೆ?

ಮನೆಗೆಲಸದಾಕೆಯ ಮಗಳು

ಶೆರ್ಲಿ ಹುಟ್ಟಿದ್ದು 1924ರ ನವೆಂಬರ್ 30ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ತಂದೆ ಬ್ರಿಟಿಷ್ ಗಯಾನಾ ಮೂಲದ ಕಾರ್ಮಿಕ. ಬಾರ್ಬಡೋಸ್‌ನಿಂದ ವಲಸೆ ಬಂದಿದ್ದ ತಾಯಿ ಬಟ್ಟೆ ಹೊಲಿದು, ಪರರ ಮನೆಗೆಲಸ ಮಾಡಿ ಸಂಸಾರ ತೂಗಿಸುತ್ತಿದ್ದರು. ದುಡಿಮೆಯ ನಡುವೆ ಮಕ್ಕಳನ್ನು ನೋಡಿಕೊಳ್ಳಲಾಗದೆ ಬಾರ್ಬಡೋಸ್‌ನ ಅಜ್ಜಿ ಮನೆಗೆ ಕಳುಹಿಸಿದರು. ಶೆರ್ಲಿ ಮರಳಿದ್ದು 1934ರಲ್ಲಿ.

1946ರಲ್ಲಿ ಬ್ರೂಕ್ಲಿನ್ ಕಾಲೇಜಿನಿಂದ ಪದವಿ ಪಡೆದು ಶಿಶುವಿಹಾರದ ಶಿಕ್ಷಕಿಯಾದರು. 1964ರಲ್ಲಿ ನ್ಯೂಯಾರ್ಕ್ ಶಾಸನಸಭೆಗೆ ಆಯ್ಕೆಯಾದರು. 1968ರಲ್ಲಿ ನಾಗರಿಕ ಹಕ್ಕುಗಳ ಹೋರಾಟದ ದೊಡ್ಡ ಹೆಸರಾಗಿದ್ದ ಜೇಮ್ಸ್ ಫಾರ್ಮರ್ ಅವರನ್ನು ಸೋಲಿಸಿ, ಅಮೆರಿಕ ಸಂಸತ್ತು (ಕಾಂಗ್ರೆಸ್) ಪ್ರವೇಶಿಸಿದ ಮೊದಲ ಕಪ್ಪು ವರ್ಣೀಯ ಮಹಿಳೆ ಎನಿಸಿಕೊಂಡರು. ಮಹಾನಗರದ ಸಂಸದೆಯನ್ನು ಕೃಷಿ ಸಮಿತಿಗೆ ಹಾಕಿದಾಗ ಹೊಸಬರೆಂದು ಸುಮ್ಮನಿರದೆ ಪ್ರತಿಭಟಿಸಿ, ಬೇರೆ ಸಮಿತಿ ಪಡೆದರು.

ಕೈಯಲ್ಲಿ ಕಾಸಿಲ್ಲ, ಬೆನ್ನಿಗೆ ನಾಯಕರಿಲ್ಲ

1972ರ ಜನವರಿ 25ರಂದು ಬ್ರೂಕ್ಲಿನ್‌ನ ಚರ್ಚ್ ಒಂದರಲ್ಲಿ ಅವರು ಸ್ಪರ್ಧೆ ಘೋಷಿಸಿದರು. ಎದುರಿಗಿದ್ದವರು ಮಾಜಿ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ, ಸೆನೆಟರ್‌ಗಳಾದ ಜಾರ್ಜ್ ಮೆಕ್‌ಗವರ್ನ್ ಮತ್ತು ಎಡ್ಮಂಡ್ ಮಸ್ಕಿ, ವರ್ಣಭೇದದ ಪ್ರತಿಪಾದಕರೆಂದೇ ಹೆಸರಾಗಿದ್ದ ಅಲಬಾಮಾ ಗವರ್ನರ್ ಜಾರ್ಜ್ ವ್ಯಾಲೆಸ್ ಮುಂತಾದವರು.

ಚಿಸಂ ಅವರ ಇಡೀ ಪ್ರಚಾರದ ಖರ್ಚು ಸುಮಾರು 3 ಲಕ್ಷ ಡಾಲರ್ ಮಾತ್ರ. ಓಡಾಡಿದವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ತಮ್ಮವರೇ ಕೈಹಿಡಿಯದಿದ್ದುದು ಹೆಚ್ಚು ನೋವು ತಂದಿತು. ಕಪ್ಪು ವರ್ಣೀಯ ನಾಯಕರಲ್ಲಿ ಅನೇಕರಿಗೆ ಮಹಿಳೆಯೊಬ್ಬರು ಮುಂದೆ ನಿಲ್ಲುವುದು ಇಷ್ಟವಿರಲಿಲ್ಲ. ಮಹಿಳಾ ಹೋರಾಟಗಾರರಲ್ಲಿ ಕೆಲವರು ಅವರನ್ನು ಹೊಗಳುತ್ತಲೇ ಮೆಕ್‌ಗವರ್ನ್ ಕಡೆ ವಾಲಿದರು. ಟಿವಿ ಚರ್ಚೆಗಳಿಂದ ಹೊರಗಿಟ್ಟಾಗ ಕಾನೂನು ಹೋರಾಟ ನಡೆಸಿ ಪ್ರಸಾರದ ಸಮಯ ಪಡೆಯಬೇಕಾಯಿತು.

ಅವರ ಲೆಕ್ಕಾಚಾರವೇ ಬೇರೆಯಿತ್ತು. ಯಾರಿಗೂ ಬಹುಮತ ಬರದಿದ್ದರೆ ಸಣ್ಣ ಗುಂಪಿನ ಕೈಗೂ ಕೀಲಿಕೈ ಸಿಗುತ್ತದೆ. ಆಗ ಕಪ್ಪು ವರ್ಣೀಯರು, ಮಹಿಳೆಯರು, ಮೂಲನಿವಾಸಿಗಳಿಗೆ ಸರ್ಕಾರದಲ್ಲಿ ಪಾಲು ಕೇಳಬಹುದು ಎಂಬುದು ಯೋಜನೆ.

ವಿರೋಧಿಯ ಆಸ್ಪತ್ರೆ ಕೋಣೆಯಲ್ಲಿ

ಮೇ 15ರಂದು ಮೇರಿಲ್ಯಾಂಡ್‌ನಲ್ಲಿ ವ್ಯಾಲೆಸ್ ಮೇಲೆ ಗುಂಡಿನ ದಾಳಿ ನಡೆಯಿತು. ಅವರ ಸೊಂಟದ ಕೆಳಗಿನ ಭಾಗ ಸ್ವಾಧೀನ ತಪ್ಪಿತು. ಆಸ್ಪತ್ರೆಗೆ ಹೋಗಿ ಅವರ ಯೋಗಕ್ಷೇಮ ವಿಚಾರಿಸಿದವರಲ್ಲಿ ಚಿಸಂ ಕೂಡ ಒಬ್ಬರು. ಬೆಂಬಲಿಗರು ಕೆಂಡಾಮಂಡಲವಾದರು. ಆದರೆ ಅವರು ಈ ಭೇಟಿಗೆ ಎಂದೂ ವಿಷಾದಿಸಲಿಲ್ಲ. ಮನೆಗೆಲಸದವರಿಗೂ ಕನಿಷ್ಠ ವೇತನ ಕೊಡಿಸುವ ಮಸೂದೆಗೆ ದಕ್ಷಿಣದ ಸಂಸದರ ಮತ ಬೇಕಾದಾಗ ವ್ಯಾಲೆಸ್ ನೆರವಾದರು ಎಂದು ಚಿಸಂ ಮುಂದೆ ನೆನೆದಿದ್ದರು. 1974ರಲ್ಲಿ ಅದು ಕಾನೂನಾಯಿತು.

28ರಿಂದ 152ಕ್ಕೆ

ಪ್ರೈಮರಿಗಳಲ್ಲಿ ಚಿಸಂ ಪಡೆದದ್ದು 4.3 ಲಕ್ಷ ಮತ, ಅಂದರೆ ಶೇ 3ಕ್ಕಿಂತ ಕಡಿಮೆ. ಗೆದ್ದುಕೊಂಡ ಪ್ರತಿನಿಧಿಗಳು 28. ಜುಲೈನಲ್ಲಿ ಮಯಾಮಿ ಬೀಚ್‌ನಲ್ಲಿ ಸಮಾವೇಶ ಸೇರಿದಾಗ ಎಲ್ಲರ ಕಣ್ಣು ಕ್ಯಾಲಿಫೋರ್ನಿಯಾದ 271 ಪ್ರತಿನಿಧಿಗಳ ಮೇಲಿತ್ತು. ಅಷ್ಟೂ ಮಂದಿ ಮೆಕ್‌ಗವರ್ನ್‌ಗೇ ಸೇರಬೇಕೆಂದು ಸಮಾವೇಶ ತೀರ್ಮಾನಿಸಿತು. ಚಿಸಂ ಬಯಸಿದ್ದ ಅತಂತ್ರ ಸ್ಥಿತಿ ಬರಲೇ ಇಲ್ಲ. ಕಣದಿಂದ ಹಿಂದೆ ಸರಿದ ಹಂಫ್ರಿ ತಮ್ಮ ಕಪ್ಪು ವರ್ಣೀಯ ಪ್ರತಿನಿಧಿಗಳಿಗೆ ಚಿಸಂ ಅವರಿಗೆ ಮತ ಹಾಕಲು ಅವಕಾಶ ಕೊಟ್ಟರು. ಕೊನೆಗೆ ಅವರ ಪಾಲಿಗೆ ಬಂದದ್ದು ಸುಮಾರು 152 ಮತ. ಟಿಕೆಟ್ ಗೆದ್ದ ಮೆಕ್‌ಗವರ್ನ್ ನವೆಂಬರ್‌ನಲ್ಲಿ 50ರಲ್ಲಿ 49 ರಾಜ್ಯಗಳನ್ನು ರಿಚರ್ಡ್ ನಿಕ್ಸನ್‌ಗೆ ಬಿಟ್ಟುಕೊಟ್ಟರು.

ಚಿಸಂ 1983ರ ಆರಂಭದವರೆಗೆ ಸಂಸದೆಯಾಗಿದ್ದರು. ನಂತರ ಕಾಲೇಜಿನಲ್ಲಿ ಪಾಠ ಹೇಳಿದರು. 2005ರ ಜನವರಿ 1ರಂದು ಫ್ಲೋರಿಡಾದಲ್ಲಿ ನಿಧನರಾದರು. ಮೂರು ವರ್ಷಗಳ ನಂತರ ಡೆಮಾಕ್ರಟಿಕ್ ಟಿಕೆಟ್‌ಗಾಗಿ ಕಡೆಯವರೆಗೂ ಸೆಣಸಿದ ಇಬ್ಬರಲ್ಲಿ ಬರಾಕ್ ಒಬಾಮ ಕಪ್ಪು ವರ್ಣೀಯರು, ಹಿಲರಿ ಕ್ಲಿಂಟನ್ ಮಹಿಳೆ. 2015ರಲ್ಲಿ ಒಬಾಮ ಅವರೇ ಚಿಸಂ ಅವರಿಗೆ ಮರಣೋತ್ತರವಾಗಿ ದೇಶದ ಅತ್ಯುನ್ನತ ನಾಗರಿಕ ಪುರಸ್ಕಾರ ನೀಡಿದರು.

2019ರಲ್ಲಿ ಚೆನ್ನೈ ಮೂಲದ ತಾಯಿಯ ಮಗಳು ಕಮಲಾ ಹ್ಯಾರಿಸ್ ಪ್ರೈಮರಿ ಕಣಕ್ಕಿಳಿದಾಗ, ಪ್ರಚಾರ ಲಾಂಛನಕ್ಕೆ ಚಿಸಂ ಬಳಸಿದ್ದ ಕೆಂಪು, ಹಳದಿ ಬಣ್ಣಗಳನ್ನೇ ಆರಿಸಿಕೊಂಡಿದ್ದರು. ಮೊದಲ ಮತ ಬೀಳುವ ಮುನ್ನವೇ ಅವರು ಕಣದಿಂದ ಹಿಂದೆ ಸರಿದರು. ಆದರೆ 2021ರಲ್ಲಿ ಉಪಾಧ್ಯಕ್ಷೆಯಾಗಿ ಪ್ರಮಾಣವಚನ ಸ್ವೀಕರಿಸಿದರು.