ಮರೆಹೊಕ್ಕವನಿಗಾಗಿ ರಾಜ್ಯವನ್ನೇ ತೆತ್ತ ಕಂಪಿಲರಾಯ

ತುಂಗಭದ್ರೆಯ ದಂಡೆಯ ಕಂಪ್ಲಿ ಇಂದು ಬತ್ತ, ಬಾಳೆಗೆ ಹೆಸರಾದ ಊರು. ಏಳು ಶತಮಾನಗಳ ಹಿಂದೆ ಹೊರಗಿನವನೊಬ್ಬನಿಗೆ ಆಶ್ರಯ ನೀಡಿ ಅಳಿದ ರಾಜ್ಯದ ನೆನಪು ಈ ಹೆಸರಿನಲ್ಲಿದೆ.

ಮುಮ್ಮಡಿ ಸಿಂಗೆಯ ನಾಯಕನ ಮಗನಾದ ಕಂಪಿಲರಾಯ, ಸೇವುಣರ ಆಳ್ವಿಕೆ ಕುಸಿದ ಬಳಿಕ ಕುಮ್ಮಟದುರ್ಗ, ಹೊಸಮಲೆದುರ್ಗಗಳನ್ನು ನೆಲೆಯಾಗಿಸಿಕೊಂಡು ಸ್ವತಂತ್ರನಾಗಿ ಆಳಿದನು. ದೆಹಲಿಯ ಸುಲ್ತಾನ ಮಹಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದು ಸೋತ ಆತನ ಸೋದರಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್, ಸಗರದಿಂದ ಓಡಿಬಂದು ಕಂಪಿಲನ ಮರೆಹೊಕ್ಕನು. ನುಡಿ, ಮತಗಳು ಬೇರೆಯಾದರೂ ಅವನನ್ನು ಒಪ್ಪಿಸಲು ರಾಯ ನಿರಾಕರಿಸಿದನು.

1327ರಲ್ಲಿ ಸುಲ್ತಾನನ ಸೇನೆ ಮುತ್ತಿಗೆ ಹಾಕಿತು. ಗೆಲುವು ಅಸಾಧ್ಯವೆಂದರಿತ ಕಂಪಿಲ, ಅತಿಥಿಯನ್ನು ಹೊಯ್ಸಳ ಮೂರನೆಯ ಬಲ್ಲಾಳನ ಬಳಿಗೆ ಕಳುಹಿಸಿ, ತಾನು ಹೋರಾಡಿ ಮಡಿದನು. ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದರೆಂದೂ ಬದುಕುಳಿದ ಮಕ್ಕಳು ಸೆರೆಯಾಗಿ ದೆಹಲಿ ಸೇರಿದರೆಂದೂ ಪ್ರವಾಸಿ ಇಬ್ನ್ ಬತೂತ ದಾಖಲಿಸಿದ್ದಾನೆ. 1311ರಲ್ಲಿಯೇ ಮಲಿಕ್ ಕಾಫೂರನ ದಾಳಿಗೆ ತುತ್ತಾಗಿದ್ದ ಬಲ್ಲಾಳ, ಗುರ್ಷಾಸ್ಪನನ್ನು ಒಪ್ಪಿಸಿ ತನ್ನ ರಾಜ್ಯವನ್ನು ಉಳಿಸಿಕೊಂಡನು.

ರಾಯನ ನಿರ್ಧಾರದ ಬೆಲೆಯನ್ನು ಪ್ರಜೆಗಳೂ ತೆತ್ತರು. ಆದರೂ ಜನಪದರು ಆ ಕುಲವನ್ನು ದೂಷಿಸಲಿಲ್ಲ. ಮಗ ಕುಮಾರರಾಮನನ್ನು ಹಾಡಿ, ದೈವವೆಂದು ಪೂಜಿಸಿದರು. ಬಲ್ಲಾಳನದು ವಿವೇಕವಿದ್ದೀತು; ಈ ಸೀಮೆಯ ಗೌರವ ಮಾತ್ರ ಕಂಪಿಲನಿಗೇ ಸಂದಿದೆ.