ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ಕಷ್ಟಕ್ಕೆ ಸಿಕ್ಕ ಎಳೆಯರನ್ನು ಕಂಡು ಮರುಗುವವರು ಬಹಳ. ಅವರು ನಾಲ್ಕು ಜನರ ನಡುವೆ ತಲೆಯೆತ್ತಿ ನಿಲ್ಲುವಂತೆ ಮಾಡುವವರು ವಿರಳ. ಅಂಥ ವಿರಳರಲ್ಲೊಬ್ಬರು ನಮ್ಮ ಹಾವೇರಿ ಸೀಮೆಯಲ್ಲಿಯೇ ಹುಟ್ಟಿದರೆಂಬುದು ಅಗಡಿಯವನಾದ ನನಗೆ ಅಭಿಮಾನದ ಸಂಗತಿ. ಅವರೇ ಗದುಗಿನ ಪಂಚಾಕ್ಷರಿ ಗವಾಯಿಗಳು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಅವರ ಜನನವಾಯಿತು. ಮೊದಲಿನ ಹೆಸರು ಗದಿಗೆಯ್ಯ. ಅವರೂ ಅವರ ಅಣ್ಣ ಗುರುಬಸಯ್ಯನೂ ಅಂಧರು. ಬಡವರ ಮನೆಯಲ್ಲಿ ಕಣ್ಣಿಲ್ಲದ ಇಬ್ಬರು ಮಕ್ಕಳ ಗತಿ ಆ ಕಾಲದಲ್ಲಿ ಏನಾಗಬಹುದಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹಾನಗಲ್ಲ ಕುಮಾರಸ್ವಾಮಿಗಳು ಆ ಮಕ್ಕಳಲ್ಲಿ ಇಲ್ಲದ ಕಣ್ಣನ್ನು ನೋಡಲಿಲ್ಲ. ಇದ್ದ ಕಂಠವನ್ನು ಗುರುತಿಸಿದರು. ಅನ್ನ ಹಾಕಿ ಸುಮ್ಮನಾಗದೆ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಗದಿಗೆಯ್ಯನವರು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಕಲಿತು ಎರಡರಲ್ಲಿಯೂ ಪಂಡಿತರಾದರು.

ಇಷ್ಟಾದ ಮೇಲೆ ತಮ್ಮೊಬ್ಬರ ಕೀರ್ತಿಯನ್ನೇ ನೋಡಿಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಅಂಧರು, ಅನಾಥರು, ಬಡವರು, ಹೀಗೆ ದಿಕ್ಕಿಲ್ಲದ ಹುಡುಗರನ್ನು ಕೂಡಿಸಿಕೊಂಡು ಊರಿಂದೂರಿಗೆ ಹೋಗುತ್ತ ಪಾಠ ಹೇಳಿದರು. ಅದೊಂದು ಸಂಚಾರಿ ಪಾಠಶಾಲೆ. ಊರ ಜನ ಕೊಟ್ಟುದೇ ಅದರ ಆದಾಯ. ಮುಂದೆ ನಾಟಕ ಮಂಡಳಿಯನ್ನೂ ಕಟ್ಟಿದರು. ಕೊನೆಗೆ ಬಸರಿಗಿಡದ ವೀರಪ್ಪನವರ ನೆರವಿನಿಂದ ಗದುಗಿನಲ್ಲಿ ನೆಲೆ ದೊರೆತು ವೀರೇಶ್ವರ ಪುಣ್ಯಾಶ್ರಮ ಬೆಳೆಯಿತು.

ಅಲ್ಲಿ ಬಂದವರಿಗೆ ಊಟ, ವಸತಿ, ವಿದ್ಯೆ ಮೂರೂ ಇದ್ದವು. ಹಾಡು, ತಬಲಾ, ಹಾರ್ಮೋನಿಯಂ, ಯಾವುದು ಕೈಗೆ ಹತ್ತಿದರೂ ಅದು ಮುಂದೆ ಹೊಟ್ಟೆಯ ದಾರಿಯಾಗುತ್ತಿತ್ತು. ಕಿವಿಯಿಂದ ಕಲಿಯುವ ಈ ವಿದ್ಯೆಯಲ್ಲಿ ಅಂಧನು ಯಾರಿಗೂ ಕಡಿಮೆಯಲ್ಲ. ಗವಾಯಿಗಳ ಜಾಣತನ ಇಲ್ಲಿಯೇ ಇದೆಯೆಂದು ನನ್ನ ಭಾವನೆ.

ಯಲಿವಾಳದ ಬಸವರಾಜ ರಾಜಗುರು ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ. ಗವಾಯಿಗಳು ಅವರನ್ನು ಶಿಷ್ಯರನ್ನಾಗಿ ಮಾಡಿಕೊಂಡರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರು ನೂರನೆಯ ವರ್ಷದ ಉತ್ಸವ ನಡೆದಾಗ ರಾಜಗುರು ಹಾಡಲು ಕುಳಿತರು. ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳು! ಹೆದರಿದ ಹುಡುಗನಿಗೆ ಇದಕ್ಕಿಂತ ಹೆಚ್ಚಿನ ಧೈರ್ಯವನ್ನು ಯಾವ ಉಪದೇಶ ಕೊಟ್ಟೀತು?

ಹಾನಗಲ್ಲ ತಾಲೂಕಿನವರೇ ಆದ, 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳೂ ಶೈಶವದಲ್ಲಿಯೇ ಕಣ್ಣು ಕಳೆದುಕೊಂಡವರು. ಇದೇ ಗುರುವಿನ ಕೈಯಲ್ಲಿ ಬೆಳೆದವರು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವನ್ನು ಹೊತ್ತು 2010ರಲ್ಲಿ ತೀರಿಕೊಳ್ಳುವವರೆಗೆ ನಡೆಸಿದರು. ಹೀಗೆ ಒಬ್ಬರು ಹಿಡಿದೆತ್ತಿದ ಹುಡುಗ ಇನ್ನೊಬ್ಬನನ್ನು ಎತ್ತಿದ. ಅವನು ನೂರಾರು ಜನರನ್ನು ಎತ್ತಿದ.

ಗೆಳೆಯರೇ, 2020-21ರ ಕೊರೋನಾ ಕಾಲದಲ್ಲಿ ಮನೆಯ ಆಧಾರವನ್ನೇ ಕಳೆದುಕೊಂಡ ಹುಡುಗರು ನಮ್ಮ ಹಳ್ಳಿಗಳಲ್ಲಿದ್ದಾರೆ. ಓದು ಬಿಟ್ಟು ಕೂಲಿಗೆ ಹೋದವರನ್ನೂ ನಾನು ಬಲ್ಲೆ. ಅವರಿಗೆ ಸಮಾಧಾನದ ಮಾತು ಬೇಕು, ನಿಜ. ಆದರೆ ಮಾತಿಗಿಂತ ಮೊದಲು ಕೈಗೊಂದು ವಿದ್ಯೆ, ದಿನಕ್ಕೊಂದು ಕ್ರಮ, ಜತೆಗೊಬ್ಬ ಹಿರಿಯರು ಬೇಕು. ಸ್ನೇಹ ಸಮ್ಮೇಳನದಲ್ಲಿ ಹಾಡುವ ಅವಕಾಶವಾಗಲಿ, ಸಂಜೆ ಕೂಡಿ ಓದುವ ಏರ್ಪಾಡಾಗಲಿ, ನಮ್ಮಿಂದಾಗದ ಕೆಲಸವೇನಲ್ಲ. ಗುರುಗಳು ತಬಲಾ ಹಿಡಿದು ಶಿಷ್ಯನ ಪಕ್ಕದಲ್ಲಿ ಕುಳಿತಂತೆ, ನಾವೂ ಅಂಥವರ ಪಕ್ಕದಲ್ಲಿ ಕುಳಿತುಕೊಳ್ಳುವುದನ್ನು ಕಲಿಯಬೇಕು.