ಮೇಷ್ಟ್ರ ನಿದ್ದೆ ಬರೆದ ಹುಡುಗ: ಕಾರ್ಟೂನಿಸ್ಟ್ ಶಂಕರ್ ಮತ್ತು ನಮ್ಮ ಮಕ್ಕಳ ಪಾಠ

ಕ್ಲಾಸಲ್ಲಿ ಮೇಷ್ಟ್ರು ತೂಕಡಿಸ್ತಾ ಇದ್ರೆ ಹುಡುಗರು ಏನ್ ಮಾಡ್ತಾರೆ? ಮುಸಿಮುಸಿ ನಗ್ತಾರೆ. ಕೇರಳದ ಕಾಯಂಕುಳಂ ಕಡೆಯ ಒಬ್ಬ ಹುಡುಗ ಮಾತ್ರ ಆ ನಿದ್ದೆಯನ್ನೇ ಚಿತ್ರ ಬರೆದುಬಿಟ್ಟ. ಹೆಡ್‌ಮಾಸ್ಟರಿಗೆ ಕೆಂಡದಂಥ ಕೋಪ ಬಂತು. ಆದರೆ ಮನೆಯ ಹಿರಿಯರೊಬ್ಬರು ಅದೇ ಚಿತ್ರದಲ್ಲಿ ಹುಡುಗನ ಕೈಚಳಕ ಕಂಡು ಬೆನ್ನು ತಟ್ಟಿದರು.

ಆ ಹುಡುಗನೇ ಕೇಶವ ಶಂಕರ ಪಿಳ್ಳೈ. ದೇಶಕ್ಕೆಲ್ಲ ಬರೀ ಶಂಕರ್. ಕಾರ್ಟೂನು ಅಂದ ತಕ್ಷಣ ನಮಗೆ ಮೈಸೂರಿನ ಆರ್.ಕೆ. ಲಕ್ಷ್ಮಣ್ ನೆನಪಾಗ್ತಾರೆ. ಲಕ್ಷ್ಮಣ್ ಹೆಸರು ಮಾಡುವುದಕ್ಕೂ ಮೊದಲೇ ದೆಹಲಿಯಲ್ಲಿ ಕುಳಿತು ವೈಸರಾಯ್‌ಗಳನ್ನೂ ಬಿಡದೆ ಗೆರೆಯಲ್ಲಿ ಹಿಡಿದವರು ಇವರು.

ಹುಟ್ಟಿದ್ದು 1902ರ ಜುಲೈ 31. ತಿರುವನಂತಪುರದಲ್ಲಿ ಪದವಿ ಮುಗಿಸಿ, ಕಾನೂನು ಓದೋಣ ಅಂತ ಮುಂಬೈಗೆ ಹೋದವರು ಹಡಗು ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಜತೆಜತೆಗೆ ಪತ್ರಿಕೆಗಳಿಗೆ ಚಿತ್ರ ಕಳಿಸ್ತಾ ಇದ್ದರು. 1932ರಲ್ಲಿ ಹಿಂದೂಸ್ತಾನ್ ಟೈಮ್ಸ್ ಸಂಪಾದಕ ಪೋತನ್ ಜೋಸೆಫ್ ಅವರನ್ನು ದೆಹಲಿಗೆ ಕರೆಸಿಕೊಂಡರು. 1946ರವರೆಗೂ ಅಲ್ಲೇ ದುಡಿದರು. ನಡುವೆ ಲಂಡನ್ನಿಗೆ ಹೋಗಿ ಸುಮಾರು 14 ತಿಂಗಳು ಚಿತ್ರಕಲೆ ಕಲಿತು ಬಂದರು.

ಇವರ ಗೆರೆ ಗಾಂಧೀಜಿಯವರ ಕಣ್ಣಿಗೂ ಬಿತ್ತು. ಗಾಂಧೀಜಿ ಕಾಗದ ಬರೆದು ಬುದ್ಧಿ ಹೇಳಿದರು. ಅದರ ಸಾರ ಇಷ್ಟು: ಕಲೆ ಚೆನ್ನಾಗಿದೆ, ಆದರೆ ವಿಷಯ ಸರಿಯಾಗಿ ತಿಳಿದು ಬರೆಯಬೇಕು, ತಮಾಷೆ ಕಚ್ಚಬಾರದು.

1948ರಲ್ಲಿ ಶಂಕರ್ ತಮ್ಮದೇ ಪತ್ರಿಕೆ ಶುರು ಮಾಡಿದರು, ಶಂಕರ್ಸ್ ವೀಕ್ಲಿ. ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ನನ್ನನ್ನೂ ಬಿಡಬೇಡಿ ಅಂತ ಅವರೇ ಹೇಳಿ ಹೋದರು. ಶಂಕರ್ ಬಿಡಲೂ ಇಲ್ಲ! ಅಬು ಅಬ್ರಹಾಂ, ಒ.ವಿ. ವಿಜಯನ್, ಕುಟ್ಟಿ, ರಂಗ ಮುಂತಾದವರು ಶಂಕರ್ ಗರಡಿಯಲ್ಲಿ ಪಳಗಿದವರೇ.

ಮಕ್ಕಳೆಂದರೆ ಶಂಕರ್‌ಗೆ ಪ್ರಾಣ. 1949ರಲ್ಲಿ ಮಕ್ಕಳ ಚಿತ್ರ ಸ್ಪರ್ಧೆ ಆರಂಭಿಸಿದರು. ಮುಂದೆ ಅದಕ್ಕೆ ಹೊರದೇಶಗಳಿಂದಲೂ ಚಿತ್ರಗಳು ಬರತೊಡಗಿದವು. 1957ರಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್, 1965ರಲ್ಲಿ ದೆಹಲಿಯ ಗೊಂಬೆ ಸಂಗ್ರಹಾಲಯ, ಎರಡೂ ಅವರದೇ ಕೂಸು.

ತುರ್ತು ಪರಿಸ್ಥಿತಿ ಬಂದ ಎರಡೇ ತಿಂಗಳಿಗೆ, 1975ರ ಆಗಸ್ಟ್ 31ಕ್ಕೆ, ಶಂಕರ್ಸ್ ವೀಕ್ಲಿ ನಿಂತಿತು. ಸರ್ವಾಧಿಕಾರಕ್ಕೆ ನಗು ಸಹಿಸಲಾಗದು ಅನ್ನೋದು ಅವರ ವಿದಾಯದ ಮಾತಿನ ತಿರುಳು. ಮರುವರ್ಷ ಪದ್ಮವಿಭೂಷಣ ಬಂತು. 1989ರ ಡಿಸೆಂಬರ್ 26ರಂದು ತೀರಿಕೊಂಡರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಶಂಕರ್ ತೀರಿಕೊಂಡು 22 ವರ್ಷ ದಾಟಿದ ಮೇಲೆ ಅವರ ಒಂದು ಚಿತ್ರ ಸಂಸತ್ತನ್ನೇ ನಿಲ್ಲಿಸಿತು.

1949ರಲ್ಲಿ ಬರೆದ ಚಿತ್ರ ಅದು. ಸಂವಿಧಾನ ಎಂಬ ಬಸವನಹುಳು. ಅದರ ಮೇಲೆ ಚಾಟಿ ಹಿಡಿದ ಅಂಬೇಡ್ಕರ್. ಹಿಂದೆ ಚಾಟಿ ಎತ್ತಿದ ನೆಹರೂ. ಸಂವಿಧಾನದ ಕೆಲಸ ನಿಧಾನ ಅನ್ನೋದು ಆಗಿನ ಮಾತು. ಎನ್‌ಸಿಇಆರ್‌ಟಿ ಇದನ್ನು 11ನೇ ತರಗತಿಯ ರಾಜ್ಯಶಾಸ್ತ್ರ ಪುಸ್ತಕಕ್ಕೆ ಹಾಕಿ, ಇಷ್ಟು ಸಮಯ ಯಾಕೆ ಹಿಡಿಯಿತು ಅಂತ ಮಕ್ಕಳನ್ನು ಕೇಳಿತ್ತು. 2012ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಗದ್ದಲವೆದ್ದಿತು. ಸರ್ಕಾರ ಕ್ಷಮೆ ಕೇಳಿತು. ಪಠ್ಯದ ಇಬ್ಬರು ಮುಖ್ಯ ಸಲಹೆಗಾರರು ರಾಜೀನಾಮೆ ಕೊಟ್ಟರು.

ಯಾರು ಸರಿ? ಚಾಟಿ ಬಸವನಹುಳುವಿಗೆ ಅಂದರು ಕೆಲವರು. ಮುಂದೆ ಕೂತವರ ಬೆನ್ನ ಹಿಂದೆ ಚಾಟಿ ಕಾಣ್ತಿದೆಯಲ್ಲ ಅಂದರು ಉಳಿದವರು. ತಲೆತಲಾಂತರದಿಂದ ಏಟು ತಿಂದ ಮನೆಯ ಮಗು ಆ ಚಿತ್ರ ನೋಡುವಾಗ ಪಕ್ಕದ ಬೆಂಚಿನವರು ನಕ್ಕರೆ ಹೇಗನ್ನಿಸೀತು? ಆ ನೋವು ಸುಳ್ಳಲ್ಲ. ಹಾಗಂತ ಹಾಳೆ ಕಿತ್ತರೆ ಪಾಠವೂ ಕಿತ್ತುಹೋಗುತ್ತೆ.

ಮೇಷ್ಟ್ರ ಕೆಲಸ ಇರೋದೇ ಇಲ್ಲಿ. ಕಾರ್ಟೂನು ಕೈಗೆ ಬಂದರೆ ಮೊದಲು ಕೇಳಿಸಬೇಕಾದ್ದು: ಚಿತ್ರದಲ್ಲಿ ಯಾರಿದ್ದಾರೆ? ಯಾವ ವಸ್ತು ಯಾವುದರ ಗುರುತು? ಏನನ್ನು ದೊಡ್ಡದು ಮಾಡಿದ್ದಾರೆ? ಬರೆದದ್ದು ಯಾವ ವರ್ಷ? ಕೊನೆಗೆ, ಚಿತ್ರದಲ್ಲಿ ಏನಿಲ್ಲ?

ಈ ಕೊನೇ ಪ್ರಶ್ನೆಯಲ್ಲೇ ಗುಟ್ಟು. ಕರಡು ಸಮಿತಿಯಲ್ಲಿದ್ದವರು ಏಳು ಜನ. ಒಬ್ಬರು ಬಿಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಇನ್ನೂ ಕೆಲವರು ಬೇರೆ ಬೇರೆ ಕಾರಣಕ್ಕೆ ದೂರವೇ ಉಳಿದರು. ಭಾರವೆಲ್ಲ ಅಂಬೇಡ್ಕರ್ ಹೆಗಲಿಗೆ ಬಿತ್ತು ಅಂತ ಸಭೆಯಲ್ಲೇ ಟಿ.ಟಿ. ಕೃಷ್ಣಮಾಚಾರಿ ಒಪ್ಪಿಕೊಂಡರು. ಬಂದ ತಿದ್ದುಪಡಿ ಸೂಚನೆಗಳು 7,635, ಸಭೆಯಲ್ಲಿ ಮಂಡನೆಯಾದದ್ದು 2,473. ಇಷ್ಟು ಗೊತ್ತಾದ ಮೇಲೆ ಮಕ್ಕಳು ಶಂಕರ್‌ಗೇ ಎದುರು ಪ್ರಶ್ನೆ ಹಾಕ್ತಾರೆ: ಹುಳು ನಿಧಾನವೋ, ಹೊರೆ ದೊಡ್ಡದೋ?

ಆಮೇಲೆ ಪೆನ್ಸಿಲ್ ಕೊಡಿ. ಊರಿನ ಒಂದು ಸಮಸ್ಯೆ ಸಾಕು. ಗುಂಡಿ ಬಿದ್ದ ರಸ್ತೆಯೋ, ತುಂಬಿ ಹರಿಯೋ ಚರಂಡಿಯೋ, ಬಾರದ ಬಸ್ಸೋ. ಒಂದೇ ಗುರುತು, ಕಡಿಮೆ ಗೆರೆ, ಎರಡೇ ಮಾತು. ಕಟ್ಟುಪಾಡೂ ಒಂದೇ: ನಗಬೇಕಾದ್ದು ಅಧಿಕಾರ ಇರೋರ ಕೆಲಸ ನೋಡಿ. ಯಾರ ಮೈಬಣ್ಣ, ಜಾತಿ, ಕುಂಟು ಕುರುಡು ನೋಡಿ ಅಲ್ಲ.

ನಿಮ್ಮ ಮಗ ಮೇಷ್ಟ್ರ ಚಿತ್ರ ಬರೆದ ಅಂತ ನಾಳೆ ಶಾಲೆಯಿಂದ ದೂರು ಬಂದರೆ ಕೈ ಎತ್ತಬೇಡಿ. ಚಿತ್ರ ಇಸ್ಕೊಂಡು ಇಬ್ಬರೂ ಕೂತು ನೋಡಿ. ಬರೆದದ್ದು ನಿದ್ದೇನೋ, ಮೇಷ್ಟ್ರ ಬೊಕ್ಕತಲೇನೋ ಅಂತ ಅವನನ್ನೇ ಕೇಳಿ.